80ಕ್ಕೆ ಅಂಟಿಕೊಂಡ ನೈಟ್ರೇಟ್: ಟ್ಯಾಂಕಿನ ಲೆಕ್ಕ ಎಲ್ಲಿಗೆ ಬಂತು

ಜಲ್ಲಿ, ಕಲ್ಲು ಕಳೆದರೆ ನನ್ನ ಮೀನಿನ ಟ್ಯಾಂಕಿನಲ್ಲಿ ನೀರು ಸುಮಾರು 100 ಲೀಟರ್. ಗಪ್ಪಿ, ಟೆಟ್ರಾ, ತಳದಲ್ಲಿ ಒಂದಷ್ಟು ಕೋರಿಡೋರಸ್ ಮೀನು. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ; ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ನೈಟ್ರೇಟ್ ಮಾತ್ರ 80 ಪಿಪಿಎಂ (ಲೀಟರಿಗೆ 80 ಮಿಲಿಗ್ರಾಂ). ವಾರಕ್ಕೊಮ್ಮೆ 20% ನೀರು ಬದಲಾಯಿಸುತ್ತಲೇ ಇದ್ದರೂ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಮೀನುಗಳೇನೋ ಆರಾಮಾಗಿದ್ದವು. ಆದರೆ ನಿಧಾನವಾಗಿ ಏರಿದ್ದಕ್ಕೆ ಒಗ್ಗಿಕೊಂಡ ಹಳೇ ಮೀನಿನ ಕಥೆ ಬೇರೆ, ಹೊಸದಾಗಿ ತಂದು ಬಿಡುವ ಮೀನಿನ ಕಥೆ ಬೇರೆ ಅಲ್ವಾ?

ಮೊದಲು ಆ 80 ನಿಜವಾ ಅಂತ ನೋಡಬೇಕಿತ್ತು. ಹನಿ ಹಾಕಿ ನೀರು ಪರೀಕ್ಷಿಸುವ ಕಿಟ್‌ನ ಎರಡನೇ ಬಾಟಲಿಯಲ್ಲಿ ಪುಡಿ ತಳಕ್ಕೆ ಕೂತು ಗಟ್ಟಿಯಾಗುತ್ತದೆ. ಬಾಟಲಿಯನ್ನು ಮೇಜಿಗೆ ಕುಟ್ಟಿ, ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ಅಂಕಿ ಸುಳ್ಳು ಹೇಳುತ್ತದೆ, ಅದೂ ಕಡಿಮೆ ಹೇಳುತ್ತದೆ. ಇನ್ನೊಂದು ತಲೆನೋವು ಬಣ್ಣದ್ದು. 40ರ ಕೆಂಪು, 80ರ ಕೆಂಪು ಎರಡೂ ನನ್ನ ಕಣ್ಣಿಗೆ ಒಂದೇ. ಅದಕ್ಕೆ ಟ್ಯಾಂಕಿನ ನೀರು ಒಂದು ಭಾಗಕ್ಕೆ ಡಿಸ್ಟಿಲ್ಡ್ ವಾಟರ್ ಮೂರು ಭಾಗ ಬೆರೆಸಿ ಪರೀಕ್ಷೆ ಮಾಡಿದೆ. ಸ್ಪಷ್ಟವಾದ ಕಿತ್ತಳೆ ಬಂತು, 20. ನಾಲ್ಕರಿಂದ ಗುಣಿಸಿದರೆ 80. ಸರಿ, ನಿಜವೇ. ನಲ್ಲಿ ನೀರನ್ನೂ ನೋಡಿದೆ, ಅದರಲ್ಲೇ 10 ಇದೆ. ಅಂದರೆ ಎಷ್ಟೇ ನೀರು ಬದಲಾಯಿಸಿದರೂ ಅದೊಂದರಿಂದಲೇ 10ಕ್ಕಿಂತ ಕೆಳಗೆ ಹೋಗುವ ಮಾತಿಲ್ಲ.

ಆಮೇಲೆ ಊಟದ ಲೆಕ್ಕಕ್ಕೆ ಕೂತೆ. ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದೇ. ಡಬ್ಬಿಯ ಮೇಲೆ ಪ್ರೋಟೀನ್ 45% ಅಂತಿದೆ. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಅದರಲ್ಲಿರುವ ಸಾರಜನಕ ಸಿಗುತ್ತದೆ. 1 ಗ್ರಾಂ ಆಹಾರದಲ್ಲಿ 72 ಮಿಲಿಗ್ರಾಂ. ಅಷ್ಟೂ ನೈಟ್ರೇಟ್ ಆದರೆ ಆಮ್ಲಜನಕ ಸೇರಿ ತೂಕ 4.43 ಪಟ್ಟು, ಹತ್ತಿರ ಹತ್ತಿರ 320 ಮಿಲಿಗ್ರಾಂ. 100 ಲೀಟರಿಗೆ 3.2 ಪಿಪಿಎಂ. ನಾನು ವಾರಕ್ಕೆ ಹಾಕುತ್ತಿದ್ದದ್ದು 5 ಗ್ರಾಂ, ಅಂದರೆ 16. ಮೀನಿನ ಮೈಗೆ ಸೇರುವುದನ್ನು ಸ್ವಲ್ಪ ಕಳೆದು 14 ಅಂತ ಇಟ್ಟುಕೊಂಡೆ.

ಈಗ ನೋಡಿ. 80 ಇರುವ ನೀರಲ್ಲಿ 20% ತೆಗೆದು, 10 ಇರುವ ನೀರು ತುಂಬಿದರೆ 66. ವಾರದಲ್ಲಿ 14 ಸೇರುತ್ತದೆ. ಮತ್ತೆ 80! ಟ್ಯಾಂಕು ಕೆಟ್ಟಿರಲಿಲ್ಲ, ಲೆಕ್ಕದ ಪ್ರಕಾರ ನಿಲ್ಲಬೇಕಾದ ಕಡೆಯೇ ನಿಂತಿತ್ತು. ವಾರಕ್ಕೆ ಏರುವುದನ್ನು ಬದಲಾಯಿಸುವ ಪಾಲಿನಿಂದ ಭಾಗಿಸಿ, ನಲ್ಲಿ ನೀರಿನ ಅಂಕಿ ಕೂಡಿಸಿದರೆ ಅದು ಕೊನೆಗೆ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. 40% ಬದಲಾಯಿಸಿದರೆ 45. ಆಹಾರವನ್ನೂ 3 ಗ್ರಾಂಗೆ ಇಳಿಸಿದರೆ 31. ನೈಟ್ರೇಟ್ ಹೀರುತ್ತೇವೆ ಅನ್ನುವ ಬಾಟಲಿಗಳನ್ನು ಕೊಳ್ಳುವ ಮುಂಚೆ ಈ ಭಾಗಾಕಾರ ಮಾಡುವುದು ಒಳ್ಳೆಯದು.

ಹಾಗಂತ ಒಂದೇ ಸಲಕ್ಕೆ ಅರ್ಧ ಟ್ಯಾಂಕ್ ಖಾಲಿ ಮಾಡಲಿಲ್ಲ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟಿ ನೀರಿನ ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್) ಕರಗುತ್ತದೆ. ನನ್ನ ಟ್ಯಾಂಕಿನ ಪಿಎಚ್ 6.4ಕ್ಕೆ ಇಳಿದಿತ್ತು, ನಲ್ಲಿಯದ್ದು 7.6. ಇಷ್ಟು ಅಂತರವನ್ನು ಒಮ್ಮೆಲೇ ದಾಟಿಸಿದರೆ ನೈಟ್ರೇಟಿಗಿಂತ ಅದೇ ಮೀನಿಗೆ ಕಷ್ಟ. ಒಂದು ದಿನ ಬಿಟ್ಟು ಒಂದು ದಿನ ಸ್ವಲ್ಪ ಸ್ವಲ್ಪವೇ ಬದಲಾಯಿಸಿದೆ, ಕ್ಲೋರಿನ್ ತೆಗೆದ ನೀರಲ್ಲಿ.

ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ನೀರಿನ ಬಕೆಟ್ಟಿನಲ್ಲಿ ಹಿಂಡಿದೆ. ಮೊದಲ ಹಿಂಡಿಗೇ ಬಕೆಟ್ಟಿನ ತಳ ಕಾಣದಷ್ಟು ಕಂದು ರಾಡಿ. ಕಸ ಫಿಲ್ಟರಿಗೆ ಹೋಯಿತು ಅಂದರೆ ನೀರಿನಿಂದ ಹೋಯಿತು ಅಂತಲ್ಲ. ಅಲ್ಲೇ ಕೊಳೆತು ನೈಟ್ರೇಟ್ ಆಗಿ ವಾಪಸ್ ಬರುತ್ತದೆ. ನಲ್ಲಿ ಕೆಳಗೆ ತೊಳೆಯಲಿಲ್ಲ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ.

ಊಟ ಕಡಿಮೆ ಮಾಡಿದ್ದಕ್ಕೆ ಗಪ್ಪಿಗಳದ್ದು ದೊಡ್ಡ ನಾಟಕ, ಗಾಜಿನ ಹತ್ತಿರ ಹೋದರೆ ಸಾಕು ಗುಂಪುಗೂಡುತ್ತವೆ. ಮನಸ್ಸು ಕರಗಬೇಕಾಗಿಲ್ಲ, ಹೊಟ್ಟೆ ದುಂಡಗೇ ಇದೆ.

ಮನಿ ಪ್ಲಾಂಟಿನ ಬಳ್ಳಿಗಳನ್ನು ಬೇರು ಮಾತ್ರ ನೀರಿಗೆ ತಾಗುವಂತೆ ಅಂಚಿಗೆ ಸಿಕ್ಕಿಸಿದೆ. ಶುರುವಿನಲ್ಲಿ ಏನೂ ಆಗಲಿಲ್ಲ. ಬಿಳಿ ಹೊಸ ಬೇರು ಇಳಿದ ಮೇಲೆಯೇ ಅಂಕಿ ಅಲುಗಾಡಿದ್ದು. ವಾರಕ್ಕೆ 3 ಪಿಪಿಎಂ ಹೀರುತ್ತಿರಬಹುದು ಅಂತ ನನ್ನ ಅಂದಾಜು.

ಸದ್ಯ ನೀರು ಬದಲಾಯಿಸುವ ಮುಂಚಿನ ಬಣ್ಣ 20ಕ್ಕೂ 40ಕ್ಕೂ ನಡುವೆ, 20ಕ್ಕೇ ಹತ್ತಿರ. ಬೇರುಗಳು ಫಿಲ್ಟರಿನ ಬಾಯಿಗೆ ಸುತ್ತಿಕೊಳ್ಳುತ್ತಿವೆ, ಕತ್ತರಿಸಬೇಕು. 40% ನೀರು ಹೊರುವುದು ಬೆನ್ನಿಗೆ ಜಾಸ್ತಿಯೇ ಆಗುತ್ತಿದೆ, ಹಾಗಾಗಿ ಇನ್ನು ಮುಂದೆ 30% ಮಾತ್ರ. ಬಳ್ಳಿ ಹೀರುವ 3 ಕಳೆದರೆ ಲೆಕ್ಕದ ಪ್ರಕಾರ 28ರ ಆಸುಪಾಸು ನಿಲ್ಲಬೇಕು. 40ರ ಕಡೆ ಮುಖ ಮಾಡಿದರೆ ಇನ್ನೆರಡು ಬಳ್ಳಿ ಸಿಕ್ಕಿಸುತ್ತೇನೆ.