ಡೊಂಬಿವ್ಲಿ ಗ್ರಿಲ್‌ನಲ್ಲಿ ಆರು ಸೊಪ್ಪು: ಜನವರಿಯಿಂದ ಅಕ್ಟೋಬರ್‌ವರೆಗೆ

ಜನವರಿ, ಮೊದಲ ವಾರ

ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಮೂರನೇ ಮಹಡಿಯ ಮನೆ. ಬಾಲ್ಕನಿ ಅಂದರೆ ಹೊರಗೆ ಚಾಚಿದ ಕಬ್ಬಿಣದ ಗ್ರಿಲ್, ಎಂಟು ಅಡಿ ಉದ್ದ, ಒಂದೂವರೆ ಅಡಿ ಅಗಲ. ಮುಖ ಪಶ್ಚಿಮಕ್ಕೆ. ಮಧ್ಯಾಹ್ನ ಒಂದೂವರೆಗೆ ಬಂದ ಬಿಸಿಲು ಐದರವರೆಗೂ ಇರುತ್ತದೆ. ಬಲಗಡೆ ಮೂಲೆಗೆ ಮಾತ್ರ ಪಕ್ಕದ ಗೋಡೆಯ ನೆರಳು. ಕುಂಡ ಕೊಳ್ಳುವ ಮೊದಲು ಒಂದು ವಾರ ಇದನ್ನೇ ನೋಡಿ ಬರೆದಿಟ್ಟುಕೊಂಡೆ.

ಕಳೆದ ವರ್ಷ ನರ್ಸರಿಯಲ್ಲಿ ಚಂದ ಕಂಡವು ಅಂತ ರೋಸ್‌ಮೇರಿ, ಥೈಮ್ ತಂದಿದ್ದೆ. ಒಣ ಹವೆಯ ಗಿಡಗಳು ಅವು. ನಮ್ಮ ಮಳೆಗಾಲದಲ್ಲಿ ಬದುಕಲಿಲ್ಲ. ಅದಕ್ಕಿಂತ ಬೇಜಾರಿನ ವಿಷಯ ಅಂದರೆ ನಮ್ಮ ಅಡುಗೆಯಲ್ಲಿ ಅವಕ್ಕೆ ಕೆಲಸವೇ ಇರಲಿಲ್ಲ. ಸೊಪ್ಪಿನ ಗಿಡವನ್ನು ಆಗಾಗ ಚಿವುಟುತ್ತಾ ಇದ್ದರೇ ಕವಲೊಡೆಯುವುದು. ಯಾರೂ ಕೀಳದ ಗಿಡ ಉದ್ದಕ್ಕೆ ಬೆಳೆದು ಬಡವಾಗುತ್ತದೆ.

ಹಾಗಾಗಿ ಈ ಸಲ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದೆ. ಯಾವ ಸೊಪ್ಪು ಬೇಕಾದರೂ ಒಂದು ಗೀಟು. ಹದಿನೈದು ದಿನ ಆದ ಮೇಲೆ ನೋಡಿದರೆ ಕೊತ್ತಂಬರಿ, ಕರಿಬೇವು ದಿನವೂ ಇವೆ. ಪುದೀನ ಆರು ಸಲ. ಚಹಾಕ್ಕೆ ಮಜ್ಜಿಗೆ ಹುಲ್ಲು ನಾಲ್ಕು ಸಲ. ದೊಡ್ಡಪತ್ರೆ, ಒಂದೆಲಗ ಇದ್ದಿದ್ದರೆ ತಂಬುಳಿ ಮಾಡಬಹುದಿತ್ತು ಅನ್ನಿಸಿದ್ದು ಐದು ಸಲ. ಸರಿ, ಈ ಆರೇ ಸಾಕು.

ಜನವರಿ 18

ಬರೀ ಕೆಂಪು ಮಣ್ಣು ಒಣಗಿದರೆ ಇಟ್ಟಿಗೆ ಆಗುತ್ತದೆ, ಗ್ರಿಲ್‌ಗೆ ಭಾರವೂ ಜಾಸ್ತಿ. ಒಂದು ಪಾಲು ಮಣ್ಣು, ಒಂದು ಪಾಲು ನೆನೆಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ ಕಲಸಿದೆ. ಕುಂಡಗಳೆಲ್ಲ ಹಳೆ ಪೇಂಟ್ ಬಕೆಟ್. ಪುದೀನಕ್ಕೆ ಮಾತ್ರ ಮೀನು ಮಾರ್ಕೆಟ್ಟಿನ ಥರ್ಮೊಕೋಲ್ ಪೆಟ್ಟಿಗೆ, ಅದಕ್ಕೆ ಆಳಕ್ಕಿಂತ ಅಗಲ ಬೇಕು. ಎಲ್ಲದರ ತಳಕ್ಕೂ ಐದಾರು ತೂತು ಮಾಡಿದೆ.

ಕೊತ್ತಂಬರಿ ಬಿತ್ತಿದೆ. ಅಂಗಡಿಯ ಧನಿಯಾ ಕಾಳೇ ಸಾಕು, ತೀರಾ ಹಳೆಯದಾಗಿರಬಾರದು ಅಷ್ಟೇ. ನಾವು ಕಾಳು ಅನ್ನುವುದು ನಿಜವಾಗಿ ಒಂದು ಪುಟ್ಟ ಕಾಯಿ. ಒಳಗೆ ಎರಡು ಬೀಜ. ಮಣೆಯ ಮೇಲೆ ಹರಡಿ ಲಟ್ಟಣಿಗೆಯಿಂದ ಮೆತ್ತಗೆ ಉರುಳಿಸಿದರೆ ಟಪ್ ಅಂತ ಎರಡು ಹೋಳಾಗುತ್ತದೆ. ಒತ್ತಿದರೆ ಪುಡಿ, ಒತ್ತದಿದ್ದರೆ ಹಾಗೇ ಉರುಳಿ ಹೋಗುತ್ತದೆ. ಕೈಗೆ ಅಂದಾಜು ಸಿಗುವವರೆಗೆ ಒಂದು ಹಿಡಿ ಕಾಳು ಬೇಕಾಯಿತು. ರಾತ್ರಿ ನೆನೆಸಿ, ಬೆಳಿಗ್ಗೆ ಬಿತ್ತಿ, ಬೆರಳಿನ ಅರ್ಧ ಗೆಣ್ಣಿನಷ್ಟು ಮಣ್ಣು ಮುಚ್ಚಿದೆ. ಬಿತ್ತಿದಲ್ಲೇ ಬೆಳೆಯಲು ಬಿಡಬೇಕು, ಕಿತ್ತು ನೆಟ್ಟರೆ ಅದಕ್ಕೆ ಆಗಿ ಬರುವುದಿಲ್ಲ.

ಒಂಬತ್ತನೇ ದಿನ ಮೊಳಕೆ ಕಂಡಿತು.

ಫೆಬ್ರವರಿ

ಪುದೀನ ತುಂಬಾ ಸುಲಭ. ಮಾರ್ಕೆಟ್ಟಿನ ಕಟ್ಟಿನಲ್ಲಿ ದಪ್ಪ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು ಲೋಟದ ನೀರಿನಲ್ಲಿಟ್ಟೆ. ದಿನವೂ ನೀರು ಬದಲಿಸಿದೆ. ಆರನೇ ದಿನ ಗೆಣ್ಣುಗಳಲ್ಲಿ ಬಿಳಿ ಬೇರು. ಈಗ ನೆರಳಿನ ಮೂಲೆಯಲ್ಲಿ ಪೆಟ್ಟಿಗೆ ತುಂಬ ಹಬ್ಬಿದೆ. ಮಜ್ಜಿಗೆ ಹುಲ್ಲನ್ನು ಇಲ್ಲಿ ಗವತಿ ಚಹಾ ಅನ್ನುತ್ತಾರೆ. ಬುಡ ಇರುವ ಕಟ್ಟನ್ನೇ ಹುಡುಕಿ ತಂದು ಅದಕ್ಕೂ ಹೀಗೇ ಬೇರು ಬರಿಸಿದೆ. ಬರೀ ಎಲೆಯ ಕಟ್ಟು ತಂದರೆ ಚಹಾ ಆಗುತ್ತದೆ, ಗಿಡ ಆಗುವುದಿಲ್ಲ.

ದೊಡ್ಡಪತ್ರೆ ಬಂದಿದ್ದು ಥಾಣೆಯಿಂದ. ಅಲ್ಲಿ ಕುಮಟಾ ಕಡೆಯ ಪರಿಚಯದವರ ಮನೆ ಇದೆ. ಎರಡು ಕಡ್ಡಿ ಕೊಟ್ಟರು. ಲೋಕಲ್ ಗಾಡಿಯ ಗರ್ದಿಯಲ್ಲಿ ಮುರಿಯದಿರಲಿ ಅಂತ ಊಟದ ಡಬ್ಬಿಯಲ್ಲಿಟ್ಟು ತಂದೆ. ಅರ್ಧ ದಿನ ನೆರಳಲ್ಲಿ ಆರಿಸಿ ನೆಟ್ಟೆ, ನೀರು ಕಡಿಮೆಯೇ ಹಾಕಿದೆ. ಎರಡು ವಾರದಲ್ಲಿ ಹೊಸ ಎಲೆ. ಪಕ್ಕದ ಮನೆಯ ಕಾಕು ಬಂದು ಮೂಸಿ, "ಅರೇ, ಓವ್ಯಾಚಿ ಪಾನ!" ಅಂದರು. ಮರಾಠಿಯಲ್ಲಿ ಓಮದ ಎಲೆ ಅಂತ. ಅವರು ಭಜಿ ಮಾಡುತ್ತಾರಂತೆ. ಓಮದ ವಾಸನೆ ಇದೆ, ನಿಜ. ಆದರೆ ಓಮದ ಕಾಳು ಬಿಡುವ ಗಿಡ ಬೇರೆ, ಅದು ಕೊತ್ತಂಬರಿಯ ಬಳಗದ್ದು.

ಒಂದೆಲಗದಲ್ಲಿ ಮೋಸ ಹೋದೆ. ನರ್ಸರಿಯಲ್ಲಿ ಬ್ರಾಹ್ಮಿ ಕೇಳಿದಾಗ ಚಿಕ್ಕ ಚಿಕ್ಕ ದಪ್ಪ ಎಲೆಯ ಗಿಡ ಕೊಟ್ಟರು. ಅದು ನೀರುಬ್ರಾಹ್ಮಿ, ಬಕೋಪಾ. ನಮ್ಮ ಒಂದೆಲಗಕ್ಕೆ ಒಂದು ತೊಟ್ಟಿಗೆ ಒಂದೇ ದುಂಡು ಎಲೆ, ಅಂಚಲ್ಲಿ ಕಚ್ಚು. ಎರಡಕ್ಕೂ ಬ್ರಾಹ್ಮಿ ಅನ್ನುವ ರೂಢಿ ಇದೆ. ಹೆಸರು ಕೇಳಿ ಕೊಳ್ಳಬೇಡಿ, ಎಲೆ ನೋಡಿ ಕೊಳ್ಳಿ.

ಏಪ್ರಿಲ್

ಮಾರ್ಚ್‌ನಲ್ಲಿ ಎರಡನೇ ಸಲ ಬಿತ್ತಿದ ಕೊತ್ತಂಬರಿ ಒಂದು ಗೇಣಾಗುವುದರೊಳಗೆ ಹೂವಿಗೆ ಬಂತು. ಎಲೆಗಳು ಸಬ್ಬಸಿಗೆಯಂತೆ ಸಪೂರ. ಸೆಕೆ ಏರಿದರೆ ಅದು ಹಾಗೇ. ಇನ್ನು ಅಕ್ಟೋಬರ್‌ವರೆಗೆ ಬಿತ್ತುವುದಿಲ್ಲ.

ರಜೆಗೆ ಊರಿಗೆ ಹೋಗಿದ್ದೆ. ಬಚ್ಚಲ ಹಿಂದೆ ಹಬ್ಬಿದ್ದ ಒಂದೆಲಗದ ಬಳ್ಳಿಯನ್ನು ಮಣ್ಣಿನ ಸಮೇತ ಎತ್ತಿ, ಒದ್ದೆ ಬಟ್ಟೆ ಸುತ್ತಿ, ಕೊಂಕಣ ರೈಲಿನಲ್ಲಿ ತಂದೆ. ಗೆಣ್ಣು ಗೆಣ್ಣಿಗೂ ಬೇರು ಇರುತ್ತದೆ, ಒಂದು ತುಂಡೂ ಹಾಳಾಗಲಿಲ್ಲ. ಪುದೀನದ ಪಕ್ಕದ ನೆರಳಿಗೇ ಇಟ್ಟೆ. ಇಬ್ಬರಿಗೂ ನೀರು ಇಷ್ಟ.

ಜುಲೈ

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಮುಂಬೈಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಜುಲೈ ಒಂದೇ ತಿಂಗಳ ಸರಾಸರಿ ಮಳೆ 800 ಮಿ.ಮೀ.ಗಿಂತ ಜಾಸ್ತಿ. ಗಾಳಿ ನೈಋತ್ಯದಿಂದ, ನನ್ನ ಗ್ರಿಲ್ ಪಶ್ಚಿಮಕ್ಕೆ. ನೇರವಾಗಿ ಕುಂಡಕ್ಕೇ ಹೊಡೆಯುತ್ತದೆ.

ನಾಲ್ಕು ದಿನ ಬಿಡದೆ ಸುರಿದ ಮೇಲೆ ದೊಡ್ಡಪತ್ರೆಯ ಎಲೆ ಬಾಡಿತ್ತು. ಬುಡ ಮುಟ್ಟಿದರೆ ಮೆತ್ತಗೆ, ಕಪ್ಪು, ಬೆರಳಿಗೆ ಲೋಳೆ. ತಳದ ತೂತುಗಳು ಮಣ್ಣಿನಿಂದ ಮುಚ್ಚಿಹೋಗಿದ್ದವು. ತುಂಬಾ ಸಂಕಟ ಆಯಿತು. ಮೇಲಿನ ಗಟ್ಟಿ ಕಡ್ಡಿಗಳನ್ನು ಕತ್ತರಿಸಿ ಹೊಸ ಕುಂಡಕ್ಕೆ ನೆಟ್ಟು, ಒಳಗೆ ಕಿಟಕಿಯ ಹತ್ತಿರ ಇಟ್ಟೆ. ಮೂರರಲ್ಲಿ ಎರಡು ಹಿಡಿದವು. ಈಗ ಎಲ್ಲ ಕುಂಡಗಳನ್ನೂ ಹಂಚಿನ ಚೂರಿನ ಮೇಲೆ ಎತ್ತಿ ಇಟ್ಟಿದ್ದೇನೆ, ವಾರಕ್ಕೊಮ್ಮೆ ತೂತಿಗೆ ಕಡ್ಡಿ ಹಾಕಿ ನೋಡುತ್ತೇನೆ. ಒಂದೆಲಗ ಮಾತ್ರ ಈ ಮಳೆಯಲ್ಲಿ ಕುಂಡದಿಂದ ಹೊರಗೆ ಜೋತು ಬಿದ್ದಿದೆ, ಎಲೆ ಒಂದೊಂದೂ ರೂಪಾಯಿ ಅಗಲ.

ಆಗಸ್ಟ್

ಕರಿಬೇವಿನ ಸಸಿ ಜನವರಿಯಿಂದ ಇದೆ. ಮೊದಲ ವರ್ಷ ನಿಧಾನ, ಅದಕ್ಕೇ ಇನ್ನೂ ಒಗ್ಗರಣೆಗೆ ಕೀಳುತ್ತಿಲ್ಲ. ಮೊನ್ನೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂಡಿತು. ಒರೆಸಲು ಹೋದರೆ ಅಲುಗಾಡಿತು! ಹುಳ. ಕಂದು ಮೈ, ಬಿಳಿ ಪಟ್ಟೆ. ಪಕ್ಕದ ಕಡ್ಡಿಯಲ್ಲಿ ಇನ್ನೂ ದೊಡ್ಡದೊಂದು, ಅದು ಎಲೆಯದೇ ಹಸಿರು. ಹಿಡಿಕಡ್ಡಿಯಿಂದ ಮುಟ್ಟಿದೆ. ತಲೆಯ ಹಿಂದಿನಿಂದ ಎರಡು ಕೆಂಪು ಕೊಂಬು ಚಾಚಿತು, ಕೊಳೆತ ನಿಂಬೆಹಣ್ಣಿನಂಥ ವಾಸನೆ ಬಂತು. ಒಂದು ನಿಮಿಷಕ್ಕೆ ಕೊಂಬು ಮತ್ತೆ ಒಳಗೆ.

ಇವು ಚಿಟ್ಟೆಯ ಮರಿಗಳು. ಕರಿಬೇವು, ನಿಂಬೆ ಒಂದೇ ಕುಟುಂಬ, ಎರಡೂ ಇವಕ್ಕೆ ಊಟ. ಔಷಧಿ ಹೊಡೆಯಲು ಮನಸ್ಸಾಗಲಿಲ್ಲ. ನಾವು ತಿನ್ನುವ ಸೊಪ್ಪು, ಅಲ್ವಾ? ಐದು ಹುಳಗಳನ್ನು ಎಲೆ ಸಮೇತ ಸೊಸೈಟಿಯ ನಿಂಬೆ ಗಿಡಕ್ಕೆ ಬಿಟ್ಟು ಬಂದೆ. ದೊಡ್ಡದೊಂದನ್ನು ಇಲ್ಲೇ ಇಟ್ಟುಕೊಂಡೆ. ಅದು ಗ್ರಿಲ್ ಸರಳಿಗೆ ಕೋಶ ಕಟ್ಟಿತು. ಹನ್ನೊಂದನೇ ದಿನ ಬೆಳಿಗ್ಗೆ ಕಪ್ಪು ಚಿಟ್ಟೆ, ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲು. ಕಾಮನ್ ಮಾರ್ಮನ್. ರೆಕ್ಕೆ ಒಣಗುವವರೆಗೆ ಕೂತಿತ್ತು. ನಾನೂ ಕಚೇರಿಗೆ ಸ್ವಲ್ಪ ತಡವಾಗಿಯೇ ಹೋದೆ.

ಅಕ್ಟೋಬರ್ 12

ದೊಡ್ಡಪತ್ರೆ ಮತ್ತೆ ತುಂಬಿಕೊಂಡಿದೆ. ಹನ್ನೆರಡು ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿದೆ. ಎರಡು ಗೆಣ್ಣು ಬಿಟ್ಟು ತುದಿ ಚಿವುಟಿದ್ದೆ, ಆಗಲೇ ಪ್ರತಿ ತುದಿಯಲ್ಲೂ ಜೋಡಿ ಕುಡಿ. ಕಾಕುಗೆ ಎರಡು ಕಡ್ಡಿ ಬೇರಿಗೆ ಇಟ್ಟಿದ್ದೇನೆ. ಧನಿಯಾ ಇವತ್ತು ರಾತ್ರಿ ನೆನೆಸಬೇಕು.