ವರ್ಗಾವಣೆಯ ಪುಸ್ತಕದಲ್ಲಿ ಇಲ್ಲದಿದ್ದ ಕಾಲಂ

ಕಾರಾಗೃಹದ ಸಂದರ್ಶನ ವಿಭಾಗಕ್ಕೆ ಸೇರಿದ ಮೊದಲ ವರ್ಷ, ಬಂದವರ ಗುರುತಿನ ಚೀಟಿ ನೋಡುವುದು, ತಪಾಸಣೆ ಮಾಡಿಸುವುದು, ಹೊತ್ತು ಮುಗಿದೊಡನೆ ಗಂಟೆ ಬಾರಿಸುವುದು, ಇಷ್ಟೇ ನನ್ನ ಹೊಣೆ ಎಂದು ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದವರು ಒಬ್ಬ ವೃದ್ಧೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದ ಅವರು ಕಿಟಕಿಯ ಬಳಿ ಮಗನ ಹೆಸರು ಹೇಳಿದಾಗ, ಆತನನ್ನು ಮೂರು ದಿನಗಳ ಹಿಂದೆಯೇ ಬೇರೆ ಕಾರಾಗೃಹಕ್ಕೆ ವರ್ಗಾಯಿಸಲಾಗಿದೆ ಎಂದು ಪುಸ್ತಕ ನೋಡಿ ತಿಳಿಸಿದೆ. ಅವರು ಜಗಳವಾಡಲಿಲ್ಲ, ಮಗನಿಗೆಂದು ತಂದಿದ್ದ ಬಟ್ಟೆಯ ಗಂಟನ್ನು ಕಟ್ಟೆಯ ಮೇಲಿಟ್ಟು, "ಅವನು ಬದುಕಿದ್ದಾನೆ ತಾನೆ, ಸ್ವಾಮಿ?" ಎಂದಷ್ಟೇ ಕೇಳಿದರು.

ಅಂದು ಸಂಜೆ ಆ ಪುಸ್ತಕವನ್ನು ಮತ್ತೆ ತೆರೆದೆ. ಆದೇಶದ ಸಂಖ್ಯೆ, ವೈದ್ಯರ ಸಹಿ, ಬೆಂಗಾವಲಿನವರ ಹೆಸರು, ವಾಹನ ಹೊರಟ ವೇಳೆ, ಎಲ್ಲವೂ ಸರಿಯಾಗಿದ್ದವು. ಮನೆಯವರಿಗೆ ತಿಳಿಸಲಾಗಿದೆಯೇ ಎಂಬ ಕಾಲಂ ಮಾತ್ರ ಇರಲೇ ಇಲ್ಲ.

ಬಂದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಕನಿಷ್ಠ ಮಾನದಂಡಗಳಾದ, 2015ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳನ್ನು ನಾನು ತರಬೇತಿಯಲ್ಲಿ ಓದಿದ್ದೆ. ಓದಿದ್ದು ಪರೀಕ್ಷೆಗಾಗಿ ಎಂಬುದನ್ನು ಒಪ್ಪಿಕೊಳ್ಳಬೇಕು. ಸೆರೆಯಾದುದನ್ನು, ವರ್ಗವಾದುದನ್ನು, ಗಂಭೀರವಾಗಿ ಕಾಯಿಲೆ ಬಿದ್ದುದನ್ನು ಕೂಡಲೇ ಮನೆಯವರಿಗೆ ತಿಳಿಸುವ ಹಕ್ಕು ಬಂದಿಗೆ ಇದೆ, ಅದಕ್ಕೆ ಬೇಕಾದ ಸಾಧನವನ್ನೂ ಒದಗಿಸಬೇಕು ಎನ್ನುತ್ತದೆ 68ನೆಯ ನಿಯಮ. ಈ ಸಾಧನದ ಮಾತು ನನಗೆ ಅರ್ಥವಾದದ್ದು ಕೆಲಸದಲ್ಲಿಯೇ. ಹೆಂಡತಿಯ ಫೋನ್ ಸಂಖ್ಯೆ ಕೂಡ ಬಾಯಿಗೆ ಬಾರದವರೇ ಹೆಚ್ಚು. ಸಂಖ್ಯೆಗಳೆಲ್ಲ ಉಳಿದಿರುವುದು ನಾವು ವಶಕ್ಕೆ ಪಡೆದು ಮೊಹರು ಹಾಕಿಟ್ಟ ಮೊಬೈಲ್‌ನೊಳಗೆ. ಆದ್ದರಿಂದ ಈಗ ಮೊಹರು ಹಾಕುವ ಮುನ್ನ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಲು ಬಿಡುತ್ತೇವೆ.

ಇನ್ನೊಂದು ತಪ್ಪು ನನ್ನದೇ. ಬ್ಯಾರಕ್‌ನಲ್ಲಿ ಗಲಾಟೆ ಮಾಡಿದವನಿಗೆ ಭೇಟಿ ನಿಲ್ಲಿಸಿದರೆ ದಾರಿಗೆ ಬರುತ್ತಾನೆ ಎಂಬ ಹಿರಿಯರ ಮಾತಿಗೆ ನಾನೂ ತಲೆಯಾಡಿಸಿದ್ದೆ. ಕುಟುಂಬದ ಸಂಪರ್ಕವನ್ನು ಶಿಕ್ಷೆಯಾಗಿ ನಿಷೇಧಿಸಬಾರದು, ಭದ್ರತೆಗೆ ಅನಿವಾರ್ಯವಾದಷ್ಟು, ಅದೂ ಸೀಮಿತ ಅವಧಿಗೆ ಮಾತ್ರ, ನಿರ್ಬಂಧಿಸಬಹುದು ಎಂದು 43ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ನಾವು ಭೇಟಿ ನಿಲ್ಲಿಸಿದ ದಿನ ಗೇಟಿನಿಂದ ಹಿಂತಿರುಗಿದ್ದು ಅವನ ಆರು ವರ್ಷದ ಮಗಳು.

ವರ್ಗಾವಣೆಯ ಪುಸ್ತಕಕ್ಕೆ ಕೊನೆಗೂ ಹೊಸ ಕಾಲಂ ಸೇರಿತು. ಕೆಲವು ಸಹೋದ್ಯೋಗಿಗಳು ಅಲ್ಲಿ ಇಂದಿಗೂ 'ಅನ್ವಯಿಸುವುದಿಲ್ಲ' ಎಂದು ಬರೆಯುತ್ತಾರೆ. ಸಹಿ ಹಾಕದೆ ನಾನು ಪುಸ್ತಕವನ್ನು ಹಿಂದಕ್ಕೆ ಕಳುಹಿಸುತ್ತೇನೆ.