ಕಿಲ್ಪೆಕ್‌ನಲ್ಲಿ ತಲೆಯೆತ್ತಿ ನೋಡಬೇಕು

ಇಂಗ್ಲೆಂಡಿನ ಹೆರಿಫರ್ಡ್ ಪಟ್ಟಣದಿಂದ ಎ465 ರಸ್ತೆ ಹಿಡಿದು ಅಬರ್ಗವೆನಿ ಕಡೆಗೆ ಹೊರಟರೆ ಸುಮಾರು 14 ಕಿ.ಮೀ. ದೂರದಲ್ಲಿ ಎಡಗಡೆಗೆ, ಕೆತ್ತನೆಗಳ ಹಳೆಯ ಚರ್ಚಿರುವ ಕಿಲ್ಪೆಕ್ ಹಳ್ಳಿಯ ದಾರಿ ಸಿಗುತ್ತದೆ. ಹೊಲಗಳ ನಡುವಿನ ಕಿರುದಾರಿ ಅದು. ಎದುರಿನಿಂದ ಟ್ರಾಕ್ಟರ್ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ರೈಲಿನಲ್ಲಿ ಬರುವವರು ಹೆರಿಫರ್ಡ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯುವುದು ಮೇಲು. ವಾಪಸಿನ ಟ್ಯಾಕ್ಸಿಯನ್ನೂ ಆಗಲೇ ಗೊತ್ತು ಮಾಡಿಕೊಳ್ಳಿ, ಹಳ್ಳಿಯಲ್ಲಿ ನಿಂತು ಕಾದರೆ ಸಿಗುವುದಿಲ್ಲ.

ಸಂತ ಮೇರಿ ಮತ್ತು ಸಂತ ಡೇವಿಡರ ಹೆಸರಿನ ಈ ಚರ್ಚು ಕಟ್ಟಿದ್ದು 1140ರ ಸುಮಾರಿಗೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದ 1117ಕ್ಕೆ ಹೆಚ್ಚು ದೂರವಲ್ಲ. ಕಟ್ಟಡ ಚಿಕ್ಕದು: ಜನ ಕೂರುವ ಅಂಗಣ, ಅದರಾಚೆ ಚಾನ್ಸೆಲ್ ಎಂಬ ಪಾದ್ರಿಗಳ ಪೂಜಾಭಾಗ, ಪೂರ್ವದ ತುದಿಯಲ್ಲಿ ಅರ್ಧವೃತ್ತಾಕಾರದ ಕೋಣೆ, ಅಷ್ಟೇ. ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಹೊರಬಂದು ಕಾರು ಹತ್ತಿದವರು ಕಿಲ್ಪೆಕ್ಕನ್ನು ನೋಡಿದಂತಾಗಲಿಲ್ಲ. ಇಲ್ಲಿನ ಸಂಪತ್ತು ಬಹುಪಾಲು ಹೊರಗೋಡೆಯ ಮೇಲಿದೆ.

ಅದಕ್ಕಾಗಿ ಬೆಳಕು ನೋಡಿಕೊಂಡು ಬರಬೇಕು. ಅರ್ಧವೃತ್ತದ ಗೋಡೆಗೆ ಬೆಳಗಿನ ಬಿಸಿಲು, ಪಶ್ಚಿಮದ ಗೋಡೆಗೆ ಮಧ್ಯಾಹ್ನದ ನಂತರದ್ದು. ಬೇಸಿಗೆಯ ನಡುಹಗಲು ಸೂರ್ಯ ಎತ್ತರದಲ್ಲಿದ್ದಾಗ ಸೂರಿನ ನೆರಳು ನೇರವಾಗಿ ಕೆತ್ತನೆಯ ಮೇಲೆ ಬಿದ್ದು ಎಲ್ಲವೂ ಕಪ್ಪಾಗಿ ಕಾಣುತ್ತದೆ. ಎರಡು ಗಂಟೆಯ ಬಿಡುವು ಇಟ್ಟುಕೊಂಡು, ಒಂದು ಬೈನಾಕ್ಯುಲರ್ ತನ್ನಿ. ಬರಿಗಣ್ಣಿಗೆ ಬರೀ ಉಬ್ಬಿನಂತೆ ಕಾಣುವ ಕಲ್ಲು ಅದರಲ್ಲಿ ಮುಖವಾಗುತ್ತದೆ.

ದಕ್ಷಿಣದ ಬಾಗಿಲಿನಿಂದ ಶುರುಮಾಡಿ. ಬಾಗಿಲವಾಡದ ಹೊರಕಂಬಗಳಲ್ಲಿ ಹಾವುಗಳು ಒಂದರ ಬಾಲವನ್ನು ಇನ್ನೊಂದು ನುಂಗುತ್ತ ಸಾಗುತ್ತವೆ. ಎಡಗಡೆಯ ಒಳಕಂಬದಲ್ಲಿ ಬಳ್ಳಿಗೆ ಸಿಕ್ಕಿಕೊಂಡ ಇಬ್ಬರು ಯೋಧರು. ಅವರ ಉಡುಪಿನ ನಿರಿಗೆಗಳನ್ನು ಈಗಲೂ ಎಣಿಸಬಹುದು. ಬಲಗಂಬದ ಬೋದಿಗೆಯಲ್ಲಿರುವ ಮುಖದ ಬಾಯಿಂದ ಎಲೆಬಳ್ಳಿ ಹೊರಡುತ್ತದೆ. ನಮ್ಮ ಕೀರ್ತಿಮುಖ ಕಂಡವರಿಗೆ ಅದು ಅಪರಿಚಿತವೆನಿಸದು. ಕಮಾನಿನೊಳಗೆ ಜೀವವೃಕ್ಷ. ಮೋಡದ ದಿನ ಈ ಕೆತ್ತನೆಯ ಆಳ ತಿಳಿಯುವುದಿಲ್ಲ, ಫ್ಲಾಶ್ ಹಾಕಿದರೆ ಇನ್ನೂ ಚಪ್ಪಟೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಗೆರೆಗಳು ಎದ್ದು ಕಾಣುತ್ತವೆ. ಕೆಂಪು ಮರಳುಗಲ್ಲು ಸುಮಾರು 900 ವರ್ಷ ಉಳಿದಿದೆ, ಆದರೆ ಬೆರಳು ಸವರಿದರೆ ಕಲ್ಲು ಸವೆಯುತ್ತದೆ. ಮುಟ್ಟಬೇಡಿ.

ಅಲ್ಲಿಂದ ಪ್ರದಕ್ಷಿಣೆ ಬಂದಂತೆ ಎಡಕ್ಕೆ ತಿರುಗಿ ಪಶ್ಚಿಮದ ಗೋಡೆಗೆ ಹೋಗಿ. ಬಾಯ್ತೆರೆದ ಡ್ರ್ಯಾಗನ್ ತಲೆಗಳು ಗೋಡೆಯಿಂದ ಮುಂದಕ್ಕೆ ಚಾಚಿವೆ, ಒಳಗೆ ಸುರುಳಿ ಸುತ್ತಿದ ನಾಲಿಗೆ. ಇನ್ನು ಕಟ್ಟಡದ ಸುತ್ತ ಸೂರಿನ ಕೆಳಗೆ ಸಾಲಾಗಿರುವ ಚಾಚುಗಲ್ಲುಗಳು: ಮೂಲದ 91ರಲ್ಲಿ 85 ಉಳಿದಿವೆ. ಒಂದರ ಹಾಗೆ ಇನ್ನೊಂದಿಲ್ಲ. ಜೊತೆಯಾಗಿ ಕೂತ ನಾಯಿ ಮತ್ತು ಮೊಲ, ತಂತಿವಾದ್ಯ ನುಡಿಸುವವನು, ಶಿಲುಬೆ ಹೊತ್ತ ಕುರಿಮರಿ. ಪೂರ್ವದ ಅರ್ಧವೃತ್ತದಲ್ಲಿ ‘ಶೀಲಾ ನಾ ಗಿಗ್’ ಇದೆ: ತನ್ನ ಯೋನಿಯನ್ನು ಎರಡೂ ಕೈಯಿಂದ ಅಗಲಿಸಿ ತೋರಿಸುವ ಹೆಣ್ಣು. ಕಾಮದ ವಿರುದ್ಧ ಎಚ್ಚರಿಕೆಯೋ, ಕೆಡುಕು ಓಡಿಸುವ ರಕ್ಷೆಯೋ, ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಮಕ್ಕಳೊಂದಿಗೆ ಬಂದವರು ಉತ್ತರಕ್ಕೆ ಸಿದ್ಧರಿರಿ, ಮುಚ್ಚಿಡುವ ಅಗತ್ಯವಿಲ್ಲ.

ಈಶಾನ್ಯ ಮೂಲೆಯ ಗೋಡೆ ಉಳಿದದ್ದಕ್ಕಿಂತ ಒರಟು. ಅದು 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರಿಗೂ ಮೊದಲಿನ ಚರ್ಚಿನ ಉಳಿಕೆಯೆಂದು ಗುರುತಿಸುತ್ತಾರೆ.

ಒಳಗೆ ಕಾಲಿಟ್ಟೊಡನೆ ಕತ್ತಲೆನಿಸುತ್ತದೆ. ಒಂದೆರಡು ನಿಮಿಷ ಕುಳಿತುಕೊಳ್ಳಿ. ಚಾನ್ಸೆಲ್ ಕಮಾನಿನ ಎರಡೂ ಬದಿಯಲ್ಲಿ ಒಬ್ಬರ ಮೇಲೊಬ್ಬರಂತೆ ಮೂವರು ಸಂತರು ನಿಂತಿದ್ದಾರೆ. ಕೀಲಿ ಹಿಡಿದವನು ಪೀಟರ್. ಪ್ರವೇಶ ಶುಲ್ಕವಿಲ್ಲ, ಕಾಣಿಕೆ ಡಬ್ಬಿ ಇದೆ. ಹಳೆಯ ಕಲ್ಲಿನ ದುರಸ್ತಿಗೆ ತಗಲುವ ವೆಚ್ಚ ನೆನೆದು ಹಾಕಿ. ಇಲ್ಲಿ ಇಂದಿಗೂ ಪೂಜಾವಿಧಿ ನಡೆಯುತ್ತದೆ, ಆ ವೇಳೆ ಸುತ್ತಾಡುವಂತಿಲ್ಲ.

ಚರ್ಚಿನ ಹಿಂದೆಯೇ, ಪಶ್ಚಿಮಕ್ಕೆ, ಕೋಟೆಯ ದಿಬ್ಬ. ಮೇಲೆ ಉಳಿದಿರುವುದು ಎರಡು ತುಂಡು ಗೋಡೆ ಮಾತ್ರ. ಮಳೆ ಬಂದ ಮರುದಿನ ಆ ಹುಲ್ಲಿನ ಏರು ಜಾರುತ್ತದೆ. ಹಿಡಿತವಿರುವ ಬೂಟು ಹಾಕಿಕೊಂಡಿದ್ದರೆ ಮಾತ್ರ ಹತ್ತಿ.